ಫಸ್ಟ್ ಸೆಮ್ಮಿಗೆ ಜೀವಾವಧಿ ಶಿಕ್ಷೆ ಯಾಕೆ?

ಕ್ಯಾಂಪಸ್ ಸೀಸನ್ ಬಂದರೆ ಕಾಲೇಜುಗಳ ನೋಟಿಸ್ ಬೋರ್ಡಲ್ಲಿ ಮತ್ತೆ ಅದೇ ಸಾಲು: ಎಸ್ಸೆಸ್ಸೆಲ್ಸಿ, ಪಿಯುಸಿ ಎರಡರಲ್ಲೂ ಶೇ. 60, ಬಿಇಯಲ್ಲಿ ಸಿಜಿಪಿಎ 7, ಬ್ಯಾಕ್‌ಲಾಗ್ ಇರಬಾರದು. ಕೆಲವು ಕಂಪನಿಗಳಿಗೆ ಹಿಂದೆ ಯಾವತ್ತೋ ಇದ್ದು, ಕಟ್ಟಿ ಪಾಸಾಗಿದ್ದರೂ ಆಗಲ್ಲ. ಇದಕ್ಕೆ ಮೆರಿಟ್ ಅನ್ನೋ ಹೆಸರು. ನಾನು ಸೋಮಾರಿತನ ಅಂತೀನಿ.

ಮೊದಲ ವರ್ಷ ಯಾರು ಎಡವುತ್ತಾರೆ ಅಂತ ನೋಡಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಪಿಯುಸಿಯನ್ನು ಹೇಗೋ ಉರು ಹೊಡೆದು ದಾಟಿ ಬಂದ ಹುಡುಗ. ಕೀಬೋರ್ಡ್ ಮೇಲೆ ಮೊದಲು ಕೈಯಿಟ್ಟಿದ್ದೇ ಸಿ ಲ್ಯಾಬಲ್ಲಿ. ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಮುಗಿಯೋಷ್ಟರಲ್ಲಿ ಎಂ1, ಎಂ2 ಎರಡೂ ಕೈಕೊಟ್ಟಿರುತ್ತವೆ. ನಮ್ಮ ಹಾಸ್ಟೆಲಲ್ಲಿ ಇಂಥವರು ರೂಮಿಗೊಬ್ಬರಂತೆ ಇದ್ದರು. ಅವರಿಗೆ ಬುದ್ಧಿ ಕಮ್ಮಿ ಇರಲಿಲ್ಲ, ಟೈಮ್ ಕಮ್ಮಿ ಇತ್ತು.

ಈಗ ಲೆಕ್ಕ ಹಾಕೋಣ. ಕ್ಯಾಂಪಸ್ ಶುರುವಾಗೋದು ಆರು ಸೆಮಿಸ್ಟರ್ ಮುಗಿದ ಮೇಲೆ. ಮೊದಲ ಎರಡರಲ್ಲಿ ತಲಾ 5 ಬಂದಿದೆ ಅಂತಿಟ್ಟುಕೊಳ್ಳಿ. ಕ್ರೆಡಿಟ್ ಎಲ್ಲ ಸಮ ಅಂತ ಹಿಡಿದರೂ 7 ಮುಟ್ಟೋಕೆ ಉಳಿದ ನಾಲ್ಕರಲ್ಲೂ ಸರಾಸರಿ 8 ತೆಗೀಬೇಕು. 7.5 ತೆಗೆದವನ ಒಟ್ಟು 6.67ಕ್ಕೆ ನಿಲ್ಲುತ್ತೆ. ಆರೂ ಸೆಮಿಸ್ಟರಲ್ಲಿ ಸರಿಯಾಗಿ 7 ತೆಗೆದವನು ಒಳಗೆ, ಎರಡು ವರ್ಷದಿಂದ ಅವನಿಗಿಂತ ಚೆನ್ನಾಗಿ ಓದ್ತಿರೋನು ಹೊರಗೆ! ಸರಾಸರಿಗೆ ಏಣಿ ಹತ್ತಿದವನೂ ಗೊತ್ತಿಲ್ಲ, ಇಳಿದವನೂ ಗೊತ್ತಿಲ್ಲ.

ಡಾಕ್ಟರಾಗೋದು ನಮಗಿಂತ ಕಷ್ಟ ಅಂತ ಒಪ್ತೀರಲ್ಲ? ಅಲ್ಲಿ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50 ಇದ್ದರೆ ಸಾಕು, ಮಿಕ್ಕಿದ್ದು ನೀಟ್ ರ‍್ಯಾಂಕ್. ಈ ಸಲ ಆಗದಿದ್ದರೆ ಮುಂದಿನ ಸಲ ಬರೀಬಹುದು. ಐಎಎಸ್ ಪರೀಕ್ಷೆಗೆ ಡಿಗ್ರಿ ಇದ್ದರಾಯ್ತು, ಪರ್ಸೆಂಟೇಜ್ ಯಾರೂ ಕೇಳಲ್ಲ. ಜಿಲ್ಲೆ ನಡೆಸೋಕೆ ಅಡ್ಡಿಯಾಗದ ಎಂ1, ಲಾಗಿನ್ ಪೇಜಿನ ಬಗ್ ಸರಿಮಾಡೋಕೆ ಯಾಕೆ ಅಡ್ಡಿ?

"ಸಾವಿರಾರು ಅರ್ಜಿ ಬರ್ತವೆ, ಎಲ್ಲೋ ಒಂದು ಗೆರೆ ಎಳೀಲೇಬೇಕಲ್ಲ" ಅಂತ ಎಚ್‌ಆರ್‌ನವರು ಹೇಳ್ತಾರೆ. ಎಳೀರಿ ಸ್ವಾಮಿ, ಬೇಡ ಅಂದವರ‍್ಯಾರು? ಹೇಗೂ ಆನ್‌ಲೈನ್ ಟೆಸ್ಟ್ ಮಾಡ್ತೀರಿ, ತಿದ್ದೋದೂ ಮಷೀನೇ. ಗೆರೆಯನ್ನು ಟೆಸ್ಟಿನ ನಂತರ ಎಳೀರಿ. ಮಾರ್ಕ್ಸ್ ಬೇಕೇಬೇಕು ಅಂದರೆ ಕೊನೆಯ ನಾಲ್ಕು ಸೆಮಿಸ್ಟರಿಂದು ನೋಡಿ. ಹದಿನೈದನೇ ವಯಸ್ಸಿನ ಸಮಾಜ ವಿಜ್ಞಾನದ ಅಂಕ ನಿಮಗ್ಯಾಕೆ?

ಈ ಕಾಲಂ ಓದ್ತಿರೋರಲ್ಲಿ ಬಹಳ ಜನ ಈಗ ಮೇಜಿನ ಈಚೆ ಕಡೆ ಕೂತು ಇಂಟರ್‌ವ್ಯೂ ಮಾಡೋರೇ. ಕ್ಯಾಂಪಸ್ಸಿಗೆ ಕಳಿಸೋ ಮೇಲ್ ನಿಮ್ಮ ಟೀಮಿಂದಲೇ ಹೋಗುತ್ತೆ. ಹೋಗೋ ಮುಂಚೆ ಆ ಸಾಲು ತೆಗೀರಿ ಅಂತ ಒಂದು ಮಾತು ಕೇಳಿ. ಅವರು ಒಪ್ಪದಿದ್ದರೆ, ಆ 6.67ರ ಹುಡುಗನಿಗೆ ಒಂದು ರೆಫರಲ್ ಕೊಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.