ವಾಡೆಯನ್ನು ನೋಡುವ ಬಗೆ

ಹಳೆಯ ಕಾಲದ ದೊಡ್ಡ ಮನೆಗಳನ್ನು ನೋಡಲು ಹೋಗುವುದು ಇಂದು ಶಾಲಾ ಪ್ರವಾಸಗಳ ಒಂದು ಅಂಗವೇ ಆಗಿದೆ. 1862ರಲ್ಲಿ ಕಟ್ಟಲಾರಂಭಿಸಿದ ಬೆಂಗಳೂರು ಅರಮನೆಯಲ್ಲಿ ಶುಲ್ಕ ಕೊಟ್ಟವರು ಕಿವಿಗೆ ಯಂತ್ರ ಹಚ್ಚಿಕೊಂಡು ಕೋಣೆಯಿಂದ ಕೋಣೆಗೆ ಸಾಗುತ್ತಾರೆ. ಯಾರು ಕಟ್ಟಿಸಿದರು, ಯಾರು ಕೊಂಡರು, ಚಿತ್ರ ಯಾರದು, ಗಾಜಿನ ದೀಪ ಎಲ್ಲಿಯದು ಎಂಬ ವಿವರಗಳು ಒಂದರ ಹಿಂದೊಂದು ಬರುತ್ತವೆ. ಬಹುತೇಕ ಇಂತಹ ಮನೆಗಳಲ್ಲಿ ಮಾರ್ಗದರ್ಶಕರು ಹೇಳದೆ ಬಿಡುವ ಸಂಗತಿಗಳು ಮೂರು. ಕಂಬದ ಮರ ಯಾವ ಕಾಡಿನದು? ಕಟ್ಟಿಸಿದ ಹಣ ಯಾವ ಹೊಲದ ಬೆಳೆಯಿಂದ ಬಂತು? ಮನೆಗೆ ನೀರು ಹೊತ್ತವರು ಯಾರು? ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಸಂದರ್ಶನವು ಕೇವಲ ವೈಭವದ ದರ್ಶನವಾಗುತ್ತದೆಯೇ ಹೊರತು ಅರಿವಿನ ದಾರಿಯಾಗುವುದಿಲ್ಲ.

ಈ ಮಾತನ್ನು ಪರೀಕ್ಷಿಸಿ ನೋಡಲು ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯ ದಕ್ಷಿಣಕ್ಕೆ ರೈಲು ಹಾದಿಯಲ್ಲಿರುವ ಕುಂದಗೋಳದ ನಾಡಿಗೇರ ವಾಡೆ ಸಂಗೀತಪ್ರಿಯರಿಗೆಲ್ಲ ಪರಿಚಿತವಾದ ಮನೆ. ಈ ಊರಿನಲ್ಲಿ 1886ರಲ್ಲಿ ಜನಿಸಿದ ರಾಮಭಾವು ಕುಂದಗೋಳಕರ್ ಅವರು ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ ಕಿರಾಣಾ ಗಾಯನವನ್ನು ಕನ್ನಡ ನೆಲದಲ್ಲಿ ಬೇರೂರಿಸಿ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಇಲ್ಲಿ ಪಾಠ ಹೇಳಿಸಿಕೊಂಡರು. ಭೀಮಸೇನ ಜೋಶಿಯವರು 1936ರಿಂದ ಗುರುವಿನ ಮನೆಯಲ್ಲಿದ್ದು ಕಲಿತರು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಅವರ ಪುಣ್ಯತಿಥಿಯ ಸಂಗೀತೋತ್ಸವಕ್ಕೆ ನಾಡಿಗೇರ ಮನೆತನವು ತನ್ನ ವಾಡೆಯ ಬಾಗಿಲು ತೆರೆದಿಟ್ಟಿತು. ಒಂದು ಮನೆ ಬಳಕೆಯಲ್ಲಿ ಉಳಿದರೆ ಅದು ಹೇಗೆ ಊರಿನ ಆಸ್ತಿಯಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ. ಆದರೆ ಈ ಸೀಮೆಯ ವಾಡೆಗಳಲ್ಲಿ ಸಂಗೀತದಷ್ಟೇ ಗಮನವಿಟ್ಟು ಕೇಳಬೇಕಾದ ಇನ್ನೊಂದು ಕಥೆಯಿದೆ. ಅದು ನೆಲದ, ಕಾಡಿನ ಹಾಗೂ ನೀರಿನ ಕಥೆ.

ಮೊದಲು ಕಂಬಗಳನ್ನು ನೋಡೋಣ. ಇಲ್ಲಿ ಮನೆಯ ಅಳತೆಯನ್ನು ಅಂಕಣಗಳಲ್ಲಿ ಹೇಳುವುದು ವಾಡಿಕೆ. ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಇಷ್ಟೊಂದು ಮರ ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಬೆಳೆದದ್ದಲ್ಲ. ಜಾಲಿ, ಬೇವುಗಳು ಬೆಳೆಯುವ ಈ ಬಯಲಿನಲ್ಲಿ ಉದ್ದನೆಯ ತೇಗದ ತೊಲೆ ಸಿಗದು. ಅದು ಬರಬೇಕಾದದ್ದು ಪಶ್ಚಿಮದ ಕಲಘಟಗಿ, ಹಳಿಯಾಳ, ಮುಂಡಗೋಡ ಸೀಮೆಯ ಕಾಡುಗಳಿಂದಲೇ. ಚಕ್ಕಡಿಗಳು ಮಲೆಯ ಮರವನ್ನು ಬಯಲಿಗೆ ಹೊತ್ತು ತಂದವು. ಬಯಲಿನ ಪ್ರತಿಯೊಂದು ವಾಡೆಯೊಳಗೂ ಮಲೆನಾಡಿನ ಒಂದು ತುಣುಕು ನಿಂತಿದೆ ಎಂಬುದನ್ನು ಗುಡ್ಡಗಾಡಿನ ಹಳ್ಳಿಗರು ನೆನಪಿಡಬೇಕು.

ಆ ಮರದ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮುಂಬಯಿ ಪ್ರಾಂತದಲ್ಲಿ 1847ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಅರಣ್ಯ ಸಂರಕ್ಷಣಾಧಿಕಾರಿಯಾದರು. 1865 ಹಾಗೂ 1878ರ ಅರಣ್ಯ ಕಾಯಿದೆಗಳು ಬಂದವು. ಹಡಗಿಗೆ, ರೈಲು ಹಳಿಗಳ ಕೆಳಗಿನ ದಿಮ್ಮಿಗಳಿಗೆ ಬೇಕಾದ ಮರವನ್ನು ಸರಕಾರ ತನಗಾಗಿ ಮೀಸಲಿಟ್ಟಿತು. ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು. ತಲೆತಲಾಂತರದಿಂದ ಕಾಡಿನಲ್ಲಿದ್ದವನು ತನ್ನ ಗುಡಿಸಲಿಗೆ ಒಂದು ಗಳ ಕಡಿದರೂ ಅಪರಾಧಿಯೆನಿಸುವ ಕಾಲ ಬಂತು. ವಿಕ್ಟೋರಿಯಾ ರಾಣಿಯ ಕಾಲದ ಮನೆಯೊಂದನ್ನು ತೋರಿಸುವ ಮಾರ್ಗದರ್ಶಕನು ತೇಗದ ಕಂಬದ ನುಣುಪನ್ನು ಹೊಗಳುವುದರ ಜೊತೆಗೆ ಅದೇ ಕಾಲದಲ್ಲಿ ಮರದ ಮೇಲಿನ ಹಕ್ಕು ಯಾರಿಂದ ಯಾರಿಗೆ ಹೋಯಿತೆಂಬುದನ್ನೂ ಹೇಳುವುದು ನ್ಯಾಯ.

ಎರಡನೆಯದು ಹತ್ತಿಯ ಕಥೆ. ಧಾರವಾಡದ ಎರೆಭೂಮಿಯ ಮೇಲೆ ಇಂಗ್ಲೆಂಡಿನ ಗಿರಣಿಗಳ ಕಣ್ಣು ಬಹಳ ಹಿಂದೆಯೇ ಬಿದ್ದಿತ್ತು. 1840ರ ದಶಕದ ಆರಂಭದಲ್ಲಿ ಧಾರವಾಡದ ಕಲೆಕ್ಟರ್ ಆಗಿದ್ದ ಶಾ ಅವರು ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಇಲ್ಲಿ ಬಿತ್ತಿಸಿದರು. ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಅಮೆರಿಕನ್ ಬೆಳೆಗಾರನೊಬ್ಬನ ಉಸ್ತುವಾರಿಯಲ್ಲಿ ಪ್ರಾಯೋಗಿಕ ಬೇಸಾಯ ನಡೆಯಿತು. ಹೀಗೆ ನೆಲೆಗೊಂಡ ತಳಿಯೇ ‘ಧಾರವಾಡ–ಅಮೆರಿಕನ್’ ಎಂದು ಮಾರುಕಟ್ಟೆಯಲ್ಲಿ ಹೆಸರಾಯಿತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಆದರೆ ಹತ್ತಿಯ ಬೆಲೆಗೆ ಸಂಸ್ಥಾನದ ಗಡಿ ಗೊತ್ತಿರಲಿಲ್ಲ. ಸಾವಿರಾರು ಹರದಾರಿ ಆಚೆಯ ಯುದ್ಧವೊಂದು ಬೆಳವಲದ ಒಕ್ಕಲಿಗನ ಬಾಳನ್ನು ಏರಿಸಿ ಇಳಿಸಬಹುದೆಂಬ ಪಾಠ ಈ ನೆಲಕ್ಕೆ ಆಗಲೇ ಆಗಿತ್ತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಬೀಜಕ್ಕಾಗಿ ಅಂಗಡಿಯನ್ನೇ ನೆಚ್ಚಿಕೊಂಡಿರುವ ಇಂದಿನ ರೈತನಿಗೆ ಆ ಪಾಠ ಹಳೆಯದೆನಿಸದು.

ಹತ್ತಿ ಬಿತ್ತಿದ ಹೊಲದಲ್ಲಿ ಆ ವರ್ಷ ಜೋಳ ಬೆಳೆಯುವುದಿಲ್ಲ. ಇದನ್ನು ಅರಿತಿದ್ದ ಹಿರಿಯರು ಹಗೇವುಗಳನ್ನು ತುಂಬಿಟ್ಟುಕೊಳ್ಳುತ್ತಿದ್ದರು. ನೆಲದೊಳಗೆ ತೋಡಿದ ಈ ಕಣಜದ ತಳಕ್ಕೂ ಸುತ್ತಲೂ ಒಣಹುಲ್ಲು ಹಾಸಿ, ಜೋಳ ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಲಾಗುತ್ತಿತ್ತು. ಒಳಗೆ ಉಳಿದ ಆಮ್ಲಜನಕವನ್ನು ಕಾಳು, ಹುಳುಗಳೇ ಉಸಿರಾಡಿ ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳುಗಳು ಸಾಯುತ್ತವೆ. ನೀರು ಇಳಿಯದಿದ್ದರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹಗೇವು ತೆರೆದ ಕೂಡಲೇ ಒಳಗಿಳಿಯಬಾರದು, ಗಾಳಿಯಾಡಲು ಬಿಟ್ಟು ದೀಪ ಇಳಿಸಿ ನೋಡಬೇಕೆಂಬ ಹಿರಿಯರ ಎಚ್ಚರಿಕೆಯ ಹಿಂದೆ ಇದೇ ವಿಜ್ಞಾನವಿದೆ. ವಿಷದ ಗುಳಿಗೆಯಿಲ್ಲದೆ ಕಾಳು ಕಾಯುವ ಈ ವಿಧಾನವನ್ನು ಇಂದಿನ ಕೃಷಿ ವಿದ್ಯಾರ್ಥಿ ಪುಸ್ತಕದಲ್ಲಿ ಓದುತ್ತಾನೆ, ಆದರೆ ತನ್ನದೇ ಊರಿನ ಮುಚ್ಚಿಹೋದ ಹಗೇವನ್ನು ನೋಡಿರುವುದಿಲ್ಲ. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರ ಈ ಸೀಮೆಯನ್ನು ಹಿಂಡಿದಾಗ ಹಗೇವಿನಲ್ಲಿ ಕಾಳಿದ್ದ ಮನೆಗೂ ಇಲ್ಲದ ಮನೆಗೂ ನಡುವಿನ ಅಂತರವು ಬದುಕು ಸಾವುಗಳ ಅಂತರವೇ ಆಗಿತ್ತು. ಆ ಬರದ ತರುವಾಯ, ಕ್ಷಾಮ ಕಾಲಕ್ಕೆ ಧಾನ್ಯ ಸಾಗಿಸಲು ನೆರವಾಗಲೆಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ಕಂಪನಿಯ ಹಳಿ ಕುಂದಗೋಳವನ್ನು ಹಾದುಹೋಯಿತು. ಹತ್ತಿಯ ಅಂಡಿಗೆಗಳು ಸಾಗಿದ ಅದೇ ಹಾದಿಯಲ್ಲಿ ಮುಂದೆ ಗಂಗೂಬಾಯಿಯವರು ಪಾಠಕ್ಕೆ ಬಂದರು.

ಇನ್ನು ತಲೆಯೆತ್ತಿ ಮಾಳಿಗೆಯನ್ನು ನೋಡಬೇಕು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದು ಮೇಲ್ಮುದ್ದೆಗೆ ಆಗದು. ಆದ್ದರಿಂದ ಈ ಭಾಗದವರು ಆರಿಸಿಕೊಂಡದ್ದು ಕರಲು ಮಣ್ಣನ್ನು. ಅದರಲ್ಲಿರುವ ಸೋಡಿಯಂ ಅಂಶದಿಂದ ಜೇಡಿಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿ ಸಂದುಗಳನ್ನೆಲ್ಲ ಮುಚ್ಚುತ್ತವೆ. ಬೆಳೆಗೆ ಶತ್ರುವಾದ ಗುಣವೇ ಮಾಳಿಗೆಗೆ ರಕ್ಷೆಯಾಗುತ್ತದೆ. ಹೊಲಕ್ಕೆ ಬಾರದ ಮಣ್ಣನ್ನು ತಲೆಯ ಮೇಲೆ ಹೊತ್ತು ಬಿಸಿಲು ಮಳೆಗಳನ್ನು ತಡೆದುಕೊಂಡ ಈ ಜಾಣತನ ಯಾವ ವಾಸ್ತುಶಿಲ್ಪಿಯ ಹೆಸರಿನಲ್ಲೂ ದಾಖಲಾಗಿಲ್ಲ. ದಪ್ಪ ಗೋಡೆ, ಮಣ್ಣಿನ ಮಾಳಿಗೆಯ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಕುಳಿತವರಿಗೆ ಅದರ ಬೆಲೆ ತಿಳಿಯುತ್ತದೆ. ತಗಡಿನ ಸೂರಿನ ಶಾಲೆಯಲ್ಲಿ ಕುಳಿತ ಮಗುವಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ವಾಡೆಯೆಂದರೆ ಗೌಡಿಕೆಯ, ದೇಸಗತಿಯ ಗುರುತಲ್ಲವೇ? ಎಷ್ಟೋ ಊರುಗಳಲ್ಲಿ ಹೆಬ್ಬಾಗಿಲನ್ನು ದಾಟಲಾಗದೆ ಹೊರಗಿನ ಕಟ್ಟೆಯ ಕೆಳಗೇ ನಿಂತವರ ಮೊಮ್ಮಕ್ಕಳು ಇಂದು ಆ ಮನೆಯನ್ನು ಏಕೆ ಕಾಪಾಡಬೇಕು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಿಟ್ಟಿ ದುಡಿಮೆ, ಗೇಣಿಯ ಭಾರ, ಜಾತಿಯ ಗೆರೆ ಇವೆಲ್ಲವೂ ಈ ಗೋಡೆಗಳ ಆಸುಪಾಸಿನಲ್ಲಿಯೇ ನಡೆದವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿ ಪದ್ಧತಿಯನ್ನು ರದ್ದುಪಡಿಸಿದಾಗ ಅನೇಕ ವಾಡೆಗಳ ಹಿಂದಿದ್ದ ಭೂಮಿ ಉಳುವವರ ಕೈಸೇರಿತು, ಅದು ಆಗಲೇಬೇಕಾಗಿದ್ದ ನ್ಯಾಯ. ಆದರೆ ಮನೆ ಬಿದ್ದುಹೋದರೆ ಅನ್ಯಾಯದ ಸಾಕ್ಷಿಯೂ ಬಿದ್ದುಹೋಗುತ್ತದೆ. ಕಂಬ ಕೆತ್ತಿದ ಬಡಿಗ, ಗೋಡೆ ಕಟ್ಟಿದ ಉಪ್ಪಾರ, ಮಣ್ಣು ಹೊತ್ತ ಹೆಣ್ಣುಮಕ್ಕಳು ಇವರು ಬಿಟ್ಟುಹೋದ ದಾಖಲೆ ಆ ಕಟ್ಟಡವೊಂದೇ. ಭೀಮಸೇನ ಜೋಶಿಯವರು ಕುಂದಗೋಳದಲ್ಲಿ ಗುರುವಿನ ಮನೆಗೆ ಕೊಡ ಕೊಡ ನೀರು ಹೊತ್ತದ್ದನ್ನು ಸಂಗೀತಲೋಕ ಇಂದಿಗೂ ಭಕ್ತಿಯಿಂದ ಹೇಳುತ್ತದೆ. ಅದೇ ಬಯಲಿನಲ್ಲಿ ಜೀವಮಾನವಿಡೀ ನೀರು ಹೊತ್ತ ಹೆಂಗಸರ ಕಥೆಯನ್ನು ಯಾರೂ ಹೇಳುವುದಿಲ್ಲ. ವಾಡೆಯನ್ನು ಕಾಪಾಡುವುದೆಂದರೆ ಒಡೆಯನ ಹಿರಿಮೆಯನ್ನು ಕಾಪಾಡುವುದೆಂದು ತಿಳಿಯಬೇಕಾಗಿಲ್ಲ. ದುಡಿದವರ ಲೆಕ್ಕವನ್ನು ಓದಲು ಬರುವಂತೆ ಇಡುವುದೆಂದು ತಿಳಿಯಬೇಕು.

ಹಾಗಿದ್ದರೆ ಕಾಪಾಡುವ ಬಗೆ ಯಾವುದು? ಒಂದು ಬಗೆಯನ್ನು ಮಣಿಪಾಲದಲ್ಲಿ ಕಾಣಬಹುದು. ವಿಜಯನಾಥ ಶೆಣೈ ಅವರು ನೆಲಸಮವಾಗಲಿದ್ದ ಮನೆಗಳನ್ನು ಬಿಡಿಸಿ ತಂದು ಅಲ್ಲಿಯ ಪಾರಂಪರಿಕ ಗ್ರಾಮದಲ್ಲಿ ಮರಳಿ ಜೋಡಿಸಿದರು. ಮುಧೋಳ ಅರಮನೆಯ ದರ್ಬಾರ್ ಸಭಾಂಗಣ, ಕುಕನೂರಿನ ಕಮಲ್ ಮಹಲ್ ಈಗ ಅಲ್ಲಿವೆ. ಒಬ್ಬ ವ್ಯಕ್ತಿಯ ಹಟದಿಂದ ಇಷ್ಟು ಉಳಿದದ್ದು ದೊಡ್ಡ ಉಪಕಾರವೇ ಸರಿ. ಆದರೂ ಬಯಲುಸೀಮೆಯ ಮನೆ ಕರಾವಳಿಯ ಮಳೆಯಲ್ಲಿ ನಿಂತಾಗ ಮರ ಉಳಿಯುತ್ತದೆ, ಮಣ್ಣು ಉಳಿಯುವುದಿಲ್ಲ. ಹಗೇವು, ಬಾವಿ, ಹಿತ್ತಲು, ಮಾಳಿಗೆಯ ಕರಲು ಇವು ಲಾರಿಯೇರಿ ಬರುವ ವಸ್ತುಗಳಲ್ಲ. ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು. ಕುಸಿದ ವಾಡೆಯ ಕಂಬ ಬಾಗಿಲುಗಳು ಹಳೆಯ ಸಾಮಾನಿನ ವ್ಯಾಪಾರಿಗಳ ಮೂಲಕ ನಗರದ ಹೋಟೆಲು, ರೆಸಾರ್ಟುಗಳ ಅಲಂಕಾರವಾಗುತ್ತವೆ. ಮಲೆಯಿಂದ ಬಯಲಿಗೆ ಬಂದ ಮರ ಮತ್ತೊಮ್ಮೆ ಗುಳೆ ಹೋಗುತ್ತದೆ. ಆದ್ದರಿಂದ ಮನೆ ಇದ್ದಲ್ಲಿಯೇ, ಬಳಕೆಯಲ್ಲಿಯೇ ಉಳಿಯಬೇಕು. ಕುಂದಗೋಳ ತೋರಿಸಿಕೊಟ್ಟ ದಾರಿ ಇದೇ.

ಕಾಲ ಮಾತ್ರ ಕಾಯುತ್ತಿಲ್ಲ. 2009ರ ಅಕ್ಟೋಬರ್ ಹಾಗೂ 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಅಸಂಖ್ಯ ಮಣ್ಣಿನ ಮನೆಗಳು ಬಿದ್ದವು. ಮಣ್ಣಿನ ಮನೆಯೇ ಅಪಾಯವೆಂದು ಅನೇಕರು ತೀರ್ಮಾನಿಸಿದರು. ಮಳೆಗೆ ಮೊದಲು ವರ್ಷ ವರ್ಷ ಮಾಳಿಗೆಯ ಮುದ್ದೆಯನ್ನು ಸರಿಪಡಿಸಿ, ದೋಣಿಗಳನ್ನು ತೆರವುಗೊಳಿಸಿ, ಗೋಡೆಯ ಬುಡ ಕಾಯುತ್ತಿದ್ದ ಕೈಗಳು ಇಲ್ಲವಾದದ್ದನ್ನು ಗಮನಿಸಿದವರು ಕಡಿಮೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಒಳಗೊಳಗೇ ಕರಗುತ್ತದೆ. ಸುಣ್ಣ, ಮಣ್ಣುಗಳ ಕೆಲಸಕ್ಕೆ ಸುಣ್ಣ, ಮಣ್ಣುಗಳನ್ನೇ ಬಳಸಬೇಕೆಂಬ ಸರಳ ಸತ್ಯವನ್ನು ಬಲ್ಲ ಕಾರ್ಮಿಕರು ಇಂದು ಮುಪ್ಪಿನಲ್ಲಿದ್ದಾರೆ. ಅವರೊಡನೆ ಆ ವಿದ್ಯೆಯೂ ಹೋದರೆ ಮುಂದೆ ಯಾವ ಅನುದಾನವೂ ಅದನ್ನು ಮರಳಿ ತರಲಾರದು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇಲ್ಲಿದೆ. ಪ್ರತಿ ಊರಿನ ಶಾಲೆ, ಕಾಲೇಜು ತನ್ನ ಸಮೀಪದ ಒಂದು ಹಳೆಯ ಮನೆಯನ್ನು ಮನೆಯವರ ಒಪ್ಪಿಗೆ ಪಡೆದು ಅಭ್ಯಾಸಕ್ಕೆ ಎತ್ತಿಕೊಳ್ಳಲಿ. ಅಂಕಣಗಳನ್ನು ಎಣಿಸಿ, ಮರದ ಜಾತಿ ಗುರುತಿಸಿ, ಮಾಳಿಗೆಯ ಮಣ್ಣನ್ನು ಪರೀಕ್ಷಿಸಿ, ಹಗೇವಿನ ಜಾಗ ಕೇಳಿ ತಿಳಿದು ಬರೆದಿಡಲಿ. ಹಿರಿಯ ಉಪ್ಪಾರ, ಬಡಿಗರ ಬಾಯಿಂದ ಕೆಲಸದ ಕ್ರಮವನ್ನು ದಾಖಲಿಸಲಿ. ಆ ಮನೆಯಲ್ಲಿ ದುಡಿದ ಕುಟುಂಬಗಳ ಹಿರಿಯರನ್ನೂ ಅಷ್ಟೇ ಗೌರವದಿಂದ ಮಾತನಾಡಿಸಲಿ. ಕಲಘಟಗಿಯ ಮಕ್ಕಳು ತಮ್ಮ ಕಾಡಿನ ಕಡೆಯಿಂದ, ನವಲಗುಂದ, ಕುಂದಗೋಳದ ಮಕ್ಕಳು ತಮ್ಮ ಹೊಲದ ಕಡೆಯಿಂದ ಈ ಲೆಕ್ಕ ಬರೆದರೆ ಎರಡೂ ಸೇರಿ ಒಂದು ನಾಡಿನ ಚರಿತ್ರೆಯಾಗುತ್ತದೆ. ಅಂತಹ ಮಕ್ಕಳೇ ನಾಳೆ ವಾಡೆಗೆ ಬಂದವರಿಗೆ ಮಾರ್ಗದರ್ಶಕರಾಗಲಿ. ಮಲೆಯಿಂದ ಬಯಲಿಗೆ ಹರಿದುಹೋದದ್ದೇನು, ಬಯಲಿನಿಂದ ಮಲೆಗೆ ಮರಳಿ ಬಂದದ್ದೇನು ಎಂದು ಕೇಳುವ ಹಕ್ಕು ಗುಡ್ಡದ ಜನರಿಗಿದೆ. ಹಳೆಯ ಮನೆಯ ಹೊಸ್ತಿಲಲ್ಲಿ ನಿಂತು ಆ ಪ್ರಶ್ನೆಯನ್ನು ಕೇಳಬೇಕು.