ಬೆತ್ತಲೆ ಓಡಿದ ಯುವಕನಿಗೆ ಹೆಸರೇಕೆ?

ಗೆತ್ಸೇಮನೆ ತೋಟದಲ್ಲಿ ಯೇಸುವನ್ನು ಬಂಧಿಸಿದಾಗ ಬರೀ ಮೈಮೇಲೆ ನಾರುಮಡಿ ಹೊದ್ದ ಯುವಕನೊಬ್ಬ ಹಿಂದೆ ಹೋಗುತ್ತಾನೆ. ಹಿಡಿಯಲು ಬಂದರೆ ಬಟ್ಟೆ ಬಿಟ್ಟು ಬೆತ್ತಲೆ ಓಡುತ್ತಾನೆ. ಮಾರ್ಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಎರಡೇ ವಚನ (51, 52). ಮತ್ತಾಯ, ಲೂಕರು ಇವನ ಸುದ್ದಿಯನ್ನೇ ಎತ್ತುವುದಿಲ್ಲ.

ಆತ ಸ್ವತಃ ಮಾರ್ಕನೇ, ಪುಸ್ತಕದ ಮೂಲೆಯಲ್ಲಿ ತನ್ನ ಸಹಿ ಹಾಕಿದ್ದಾನೆ ಎಂದು ಕೆಲವು ವ್ಯಾಖ್ಯಾನಕಾರರು ಸಲೀಸಾಗಿ ಹೇಳಿಬಿಡುತ್ತಾರೆ. ಆಧಾರ? ವಚನದಲ್ಲಂತೂ ಇಲ್ಲ. ಮಾರ್ಕ ಯೇಸುವಿನ ಮಾತು ಕೇಳಿದವನೂ ಅಲ್ಲ, ಹಿಂಬಾಲಿಸಿದವನೂ ಅಲ್ಲ ಎಂಬ 2ನೇ ಶತಮಾನದ ಪಾಪಿಯಾಸನ ಮಾತನ್ನು ಚರ್ಚ್ ಇತಿಹಾಸಕಾರ ಯೂಸೇಬಿಯಸ್ಸನೇ ದಾಖಲಿಸಿದ್ದಾನೆ. ತಮ್ಮದೇ ಪರಂಪರೆಯ ಈ ಸಾಕ್ಷಿಯನ್ನು ಇವರು ಎಲ್ಲಿ ಬಚ್ಚಿಡುತ್ತಾರೆ?

ಹೆಸರು ಕೊಟ್ಟ ಕೂಡಲೇ ಪ್ರಸಂಗ ಒಬ್ಬ ಲೇಖಕನ ಖಾಸಗಿ ನೆನಪಾಗುತ್ತದೆ, ಮೊನಚು ಹೋಗುತ್ತದೆ. ಹಿಂದಿನ ವಚನ ಓದಿ: ಶಿಷ್ಯರೆಲ್ಲ ಬಿಟ್ಟು ಓಡಿದ್ದಾರೆ. ಅವರಲ್ಲಿ ಕೆಲವರು ಒಂದು ಕಾಲದಲ್ಲಿ ಬಲೆ, ದೋಣಿ, ಹೆತ್ತ ತಂದೆಯನ್ನೇ ಬಿಟ್ಟು ಹಿಂಬಾಲಿಸಿದವರು. ಈತನೋ ತಪ್ಪಿಸಿಕೊಳ್ಳಲು ಮೈಮೇಲಿನ ಬಟ್ಟೆಯನ್ನೇ ಬಿಡುತ್ತಾನೆ. ಬಳಿಕ ಯೇಸುವಿನ ದೇಹಕ್ಕೆ ಸುತ್ತಿದ ವಸ್ತ್ರಕ್ಕೂ ಮಾರ್ಕ ಬಳಸುವುದು ಅದೇ ಗ್ರೀಕ್ ಪದವನ್ನು, 'ಸಿಂದೋನ್'. ಬರೀ ಸಹಿಯಾಗಿದ್ದರೆ ಆ ಪದ ಮತ್ತೆ ಅಲ್ಲೇಕೆ ಬಂತು?