ಏನೂ ಸಿಗಲಿಲ್ಲ ಎಂಬುದೂ ಫಲಿತಾಂಶವೇ

ಎಂ.ಎಸ್ಸಿ. ಪ್ರಾಜೆಕ್ಟ್‌ಗೆಂದು ಮರದ ಪೊಟರೆಯ ತುಡುವೆ ಜೇನುಗೂಡುಗಳಿಂದ ಮರಿಹುಳುಗಳನ್ನು ತಂದು, ಅವುಗಳನ್ನು ಕೊಲ್ಲುವ ಮೆಲಿಸೊಕಾಕಸ್ ಪ್ಲುಟೋನಿಯಸ್ ಬ್ಯಾಕ್ಟೀರಿಯಾ ಇದೆಯೇ ಎಂದು ಪಿಸಿಆರ್ ಪರೀಕ್ಷೆ ಮಾಡಿದೆ. ಜೆಲ್‌ನಲ್ಲಿ ಪಾಸಿಟಿವ್ ಕಂಟ್ರೋಲ್ ಮಾತ್ರ ಹೊಳೆಯಿತು. ನನ್ನ ಸಾಲುಗಳೆಲ್ಲ ಖಾಲಿ. ‘ಒಂದಾದರೂ ಪಾಸಿಟಿವ್ ಅಂತ ಬರಿಯೇ, ಇಲ್ಲಾಂದ್ರೆ ವೈವಾದಲ್ಲಿ ಏನು ಹೇಳ್ತೀಯಾ?’ ಎಂದಳು ಗೆಳತಿ. ನನಗೂ ಆಸೆಯಾಯಿತು. ಆದರೆ ಬರೆಯಲಿಲ್ಲ.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಜೇನನ್ನು ಅಪಾರವಾಗಿ ಬಲಿ ಪಡೆದಿತ್ತು. ಮುಂದೆ ಇನ್ನೊಂದು ರೋಗ ಬಂದರೆ, ‘ಈ ವರ್ಷ ಇಲ್ಲಿ ಕಾಣಿಸಿರಲಿಲ್ಲ’ ಎಂಬ ದಾಖಲೆಯೇ ಅದು ಯಾವಾಗ ಬಂತೆಂಬುದಕ್ಕೆ ಸುಳಿವು. ನನ್ನ ಒಂದು ಸುಳ್ಳು ಆ ಸುಳಿವನ್ನೂ ಅಳಿಸುತ್ತಿತ್ತು.

ಸೀನಿಯರ್‌ಗಳ ರೆಕಾರ್ಡ್ ನೋಡಿ ರೀಡಿಂಗ್ ತುಂಬುವ ಅಭ್ಯಾಸ ನಮ್ಮದು. ಅದು ತಪ್ಪಬೇಕಾದರೆ, ಕಂಟ್ರೋಲ್ ಸರಿಯಿದ್ದ ಖಾಲಿ ಸಾಲಿಗೂ ಪೂರ್ತಿ ಮಾರ್ಕ್ಸ್ ಸಿಗಲಿ.